ಗಾಳಿಬೀಡು ದಾರಿಯ ಪಿಯರ್ ಮರ: ಕಾಯಿ ಕೊಯ್ಯುವ ದಿನ ಯಾವುದು?

ಮಡಿಕೇರಿಯಿಂದ ಗಾಳಿಬೀಡು ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಸುತ್ತ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು, ಕೆಳಗೆ ತೋಡು. ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆ ಹೋದರೆ ಹಿತ್ತಲಲ್ಲಿ ಒಂದು ಪಿಯರ್ ಮರ. ಎತ್ತರ ಹೆಚ್ಚೆಂದರೆ 10 ಅಡಿ. 2008ರಲ್ಲಿ ನೆಟ್ಟದ್ದು. 2013ರಲ್ಲಿ ಮೊದಲ ಕಾಯಿ ಬಿಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ, ಕೊಡವರ ಕೈಲ್ ಪೊಳ್ದ್ ಹಬ್ಬ ಮುಗಿದ ವಾರ, ಅದನ್ನು ಕಡಿಯುವುದು ಅಂತ ಮನೆಯಲ್ಲಿ ತೀರ್ಮಾನ ಆಯಿತು.

ಕಡಿಯಲು ಕಾರಣ ಇತ್ತು. ಪ್ರತಿ ವರ್ಷ ಕಾಯಿ ಬಿಡುತ್ತಿತ್ತು, ಆದರೆ ತಿನ್ನುವಂಥ ಹಣ್ಣು ಒಂದೂ ಕೈಗೆ ಬರುತ್ತಿರಲಿಲ್ಲ. ಜೂನ್‌ನಲ್ಲಿ ಕೊಯ್ದರೆ ಕಟ್ಟಿಗೆ ಕಚ್ಚಿದ ಹಾಗೆ. ಆಗಸ್ಟ್‌ವರೆಗೆ ಮರದಲ್ಲೇ ಬಿಟ್ಟರೆ ಹೊರಗೆ ಹಳದಿ, ಒಳಗೆ ಕಂದು. ಬಾಯಿಗಿಟ್ಟರೆ ಮರಳು ಜಗಿದಂತೆ. ಚಿಕ್ಕಮ್ಮ ಅದಕ್ಕೆ ‘ಮರಳು ಹಣ್ಣು’ ಅಂತಲೇ ಹೆಸರಿಟ್ಟಿದ್ದರು. ಆ ಜಾಗಕ್ಕೆ ಒಳ್ಳೆ ಜಾತಿಯ ಬಟರ್ ಫ್ರೂಟ್ ಗಿಡ ಇಟ್ಟರೆ ನಾಲ್ಕು ಕಾಸಾದರೂ ಬರುತ್ತದೆ ಎಂಬುದು ಚಿಕ್ಕಪ್ಪನ ಲೆಕ್ಕ.

ನನಗೆ ಆ ಮರ ಇಷ್ಟ. ಫೆಬ್ರವರಿಯಲ್ಲಿ ಎಲೆ ಇಲ್ಲದ ಕಡ್ಡಿ ತುಂಬ ಬಿಳಿ ಹೂ ಬಿಟ್ಟಾಗ ಹಿತ್ತಲಿನ ಬೆಳಕೇ ಬದಲಾಗುತ್ತದೆ. ಒಂದು ವರ್ಷ ಟೈಮ್ ಕೊಡಿ ಅಂತ ಕೇಳಿಕೊಂಡೆ. ಚಿಕ್ಕಪ್ಪ ಒಪ್ಪಿದರು. ಆ ಒಂದು ವರ್ಷ ಎರಡಾಯಿತು. ಆ ಎರಡು ವರ್ಷ ನಾವು ಏನು ಮಾಡಿದೆವು, ಏನು ಕೆಟ್ಟಿತು, ಏನು ಸರಿಹೋಯಿತು ಎಂಬುದರ ವಿವರ ಇದು. ಕೊಡಗಿನಲ್ಲಿ ಹಳೇ ಮನೆಗಳ ಹಿತ್ತಲಲ್ಲಿ ಇಂಥ ಮರ ಇನ್ನೂ ಕೆಲವು ಇರಬಹುದು. ಅವುಗಳ ಬುಡಕ್ಕೆ ಕತ್ತಿ ಬೀಳುವ ಮೊದಲು ಯಾರಾದರೂ ಇದನ್ನು ಓದಲಿ ಅಂತ ಆಸೆ.

ಮರ ಯಾವ ಜಾತಿಯದು

ಮೊದಲು ಹೆಸರಿನ ಗೊಂದಲ ತೀರಿಸುತ್ತೇನೆ. ನಮ್ಮ ಕಡೆ ಪೇರಳೆ ಅಂದರೆ ಸೀಬೆ. ಇದು ಅದಲ್ಲ. ಪುಸ್ತಕದಲ್ಲಿ ಮರಸೇಬು ಅಂತ ಬರೆಯುತ್ತಾರೆ, ಬಾಯಲ್ಲಿ ಎಲ್ಲರೂ ಹೇಳುವುದು ಪಿಯರ್.

ಗಿಡವನ್ನು ಊಟಿ ಪ್ರವಾಸದಿಂದ ಬರುವಾಗ ಒಂದು ನರ್ಸರಿಯಲ್ಲಿ ತಂದದ್ದು. ಚೀಟಿ ಯಾವತ್ತೋ ಹರಿದುಹೋಗಿತ್ತು. ಕಾಯಿ ಎರಡೂ ತುದಿಗೆ ಸಣ್ಣಗಾಗಿ ನಡುವೆ ಉಬ್ಬಿರುತ್ತದೆ. ಸಿಪ್ಪೆ ದಪ್ಪ, ಮೇಲೆ ಕಂದು ಚುಕ್ಕಿ. ಲಕ್ಷಣ ನೋಡಿದರೆ ಕೀಫರ್. ನೀಲಗಿರಿಯಲ್ಲಿ ಬೆಳೆಯುವ ಪಿಯರ್ ಜಾತಿಗಳಲ್ಲಿ ಇದೂ ಒಂದು. ಇದು ಹುಟ್ಟಿದ್ದು 19ನೇ ಶತಮಾನದಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ಹತ್ತಿರ. ತಾಯಿ ಚೀನಾ ಕಡೆಯ ಪಿಯರ್, ತಂದೆ ಯುರೋಪಿನ ಪಿಯರ್. ಆ ತಾಯಿ ಜಾತಿಗೆ ಇಂಗ್ಲಿಷ್‌ನಲ್ಲಿ ಇರುವ ಹೆಸರು ‘ಸ್ಯಾಂಡ್ ಪಿಯರ್’. ಮರಳು ಪಿಯರ್ ಅಂತಲೇ ಅರ್ಥ. ಇದನ್ನು ಹೇಳಿದಾಗ ಚಿಕ್ಕಮ್ಮನಿಗೆ ಆದ ಖುಷಿ ನೋಡಬೇಕಿತ್ತು. ಅವರಿಟ್ಟ ಹೆಸರು ಸರಿಯಾಗೇ ಇತ್ತಲ್ವಾ!

ಬಾಯಿಗೆ ಸಿಗುವ ಆ ಮರಳು ಮಣ್ಣಿನ ದೋಷ ಅಲ್ಲ, ರೋಗವೂ ಅಲ್ಲ. ತಿರುಳಿನಲ್ಲಿ ಕೆಲವು ಜೀವಕೋಶಗಳ ಗೋಡೆ ದಪ್ಪವಾಗಿ, ಮರದ ಹಾಗೆ ಗಟ್ಟಿಯಾಗಿ, ಗುಂಪು ಗುಂಪಾಗಿ ನಿಂತಿರುತ್ತವೆ. ಎಲ್ಲ ಪಿಯರ್‌ನಲ್ಲೂ ಇದು ಸ್ವಲ್ಪ ಇರುತ್ತದೆ. ಬೀಜದ ಸುತ್ತ ಜಾಸ್ತಿ. ಸುತ್ತಲಿನ ತಿರುಳು ಬೆಣ್ಣೆಯಂತೆ ಮೆತ್ತಗಾದರೆ ಅದು ನಾಲಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ತಿರುಳು ಗಟ್ಟಿಯಾಗೇ ಇದ್ದರೆ, ಇಲ್ಲವೇ ಕೊಳೆತು ನೀರಾದರೆ, ಮರಳು ಮಾತ್ರ ಉಳಿಯುತ್ತದೆ. ನಮ್ಮ ಮನೆಯಲ್ಲಿ ಇಷ್ಟು ವರ್ಷ ತಿಂದದ್ದು ಈ ಎರಡು ತುದಿಗಳನ್ನೇ. ನಡುವಿನ ಹಣ್ಣನ್ನು ಯಾರೂ ತಿಂದಿರಲಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಪಿಯರ್ ಮರಕ್ಕೆ ಚಳಿ ಬೇಕು. ಬಾರ್ಟ್‌ಲೆಟ್‌ನಂಥ ಯುರೋಪಿನ ಜಾತಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೂ ಅಷ್ಟು ಚಳಿ ಇಲ್ಲಿಲ್ಲ. ಕೀಫರ್‌ಗೆ ಕಡಿಮೆ ಚಳಿ ಸಾಕು, ಹಾಗಾಗಿ ಹೂ ಬಿಡುತ್ತದೆ. ಆದರೆ ಎಲ್ಲ ಕೊಂಬೆಯೂ ಒಟ್ಟಿಗೆ ಬಿಡುವುದಿಲ್ಲ. ಒಂದು ಕೊಂಬೆ ಫೆಬ್ರವರಿಯಲ್ಲಿ, ಇನ್ನೊಂದು ಮಾರ್ಚ್‌ನಲ್ಲಿ. ಕೊಯ್ಲಿನ ದಿನ ಗೊತ್ತಾಗದೆ ಹೋಗಲು ಇದೂ ಒಂದು ಕಾರಣ ಅಂತ ನಮಗೆ ಆಮೇಲೆ ತಿಳಿಯಿತು. ಹತ್ತಿರ ಬೇರೆ ಪಿಯರ್ ಮರ ಇಲ್ಲದಿದ್ದರೂ ಕೀಫರ್ ಒಂದಿಷ್ಟು ಕಾಯಿ ಕಚ್ಚುತ್ತದೆ. ನಮ್ಮ ಅದೃಷ್ಟ.

2018ರ ಬುಟ್ಟಿ

ಕಡಿಯುವ ಮಾತು ನಡೆದ ದಿನ ನಾನು ಚಿಕ್ಕಮ್ಮನಿಗೆ ಕೇಳಿದೆ: “ಯಾವತ್ತೂ ಒಂದಾದರೂ ಒಳ್ಳೆ ಹಣ್ಣು ತಿಂದಿಲ್ವಾ ಚಿಕ್ಕಮ್ಮ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ತಿಂದಿದ್ದೇವೆ ಮಗಳೇ. ಆ ಗುಡ್ಡ ಜಾರಿದ ವರ್ಷ.”

2018ರ ಆಗಸ್ಟ್ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಕಾಲೂರು, ಗಾಳಿಬೀಡು ಕಡೆಯೆಲ್ಲ ಗುಡ್ಡ ಕುಸಿದು ಜನ ಮನೆ ಬಿಟ್ಟರು. ಚಿಕ್ಕಮ್ಮನ ಮನೆಗೆ ಏನೂ ಆಗಲಿಲ್ಲ, ಆದರೆ ಮೇಲಿನ ಬರೆ, ಅಂದರೆ ಮಣ್ಣಿನ ದಿಣ್ಣೆ, ಬಿರುಕು ಬಿಟ್ಟಿತ್ತು. ಕೈಗೆ ಸಿಕ್ಕಿದ್ದು ಎತ್ತಿಕೊಂಡು ವಿರಾಜಪೇಟೆಯ ಮಾವನ ಮನೆಗೆ ಹೋದರು. ಆ ಕೈಗೆ ಸಿಕ್ಕ ಸಾಮಾನಿನಲ್ಲಿ ಒಂದು ಬುಟ್ಟಿ ಪಿಯರ್ ಇತ್ತು. ಜುಲೈ ಕೊನೆಯಲ್ಲಿ ಗಾಳಿಗೆ ಒಂದು ಕೊಂಬೆ ಮುರಿದಿತ್ತು. ಅದರಲ್ಲಿದ್ದ ಹಸಿರು ಕಾಯಿಗಳನ್ನು ಎಸೆಯಲು ಮನಸ್ಸಾಗದೆ ಚಿಕ್ಕಮ್ಮ ಉಗ್ರಾಣದಲ್ಲಿ ಇಟ್ಟಿದ್ದರು. ಮಾವನ ಮನೆಯಲ್ಲಿ ಮಕ್ಕಳಿಗೆ ಅಂತ ಅದನ್ನು ಕೊಯ್ದು ಕೊಟ್ಟಾಗ ಎಲ್ಲರಿಗೂ ಆಶ್ಚರ್ಯ. ಸಿಪ್ಪೆ ತೆಗೆಯುವಾಗಲೇ ರಸ ಮೊಣಕೈವರೆಗೆ ಇಳಿಯಿತಂತೆ.

“ಆ ದಿನಗಳಲ್ಲಿ ಏನು ತಿಂದರೂ ರುಚಿ ಅಂತ ಅಂದುಕೊಂಡೆ,” ಅಂದರು ಚಿಕ್ಕಮ್ಮ. “ಮನೆ ಉಳಿದಿದೆ ಅನ್ನೋದೇ ಸಾಕಿತ್ತಲ್ಲ.”

ನನಗೆ ಆ ಮಾತು ತಲೆಯಲ್ಲೇ ಉಳಿಯಿತು. ಮುರಿದ ಕೊಂಬೆಯ ಕಾಯಿ. ಅಂದರೆ ಯಾರೂ ಬೇಕೆಂದು ಕೊಯ್ದದ್ದಲ್ಲ. ಗಟ್ಟಿ ಇದ್ದಾಗಲೇ ಮರದಿಂದ ಬಿಟ್ಟದ್ದು. ಎರಡು ಮೂರು ವಾರ ತಣ್ಣಗಿನ ಕೋಣೆಯಲ್ಲಿ ಇದ್ದದ್ದು.

ಚಿಕ್ಕಮ್ಮನೇ ಆಮೇಲೆ ಗಂಟು ಬಿಚ್ಚಿದರು. “ಬಟರ್ ಫ್ರೂಟ್ ಮರದಲ್ಲಿ ಹಣ್ಣಾಗಲ್ಲ. ಬಲಿತ ಮೇಲೆ ಕೊಯ್ದು ಅಕ್ಕಿ ಡ್ರಮ್‌ನಲ್ಲಿ ಇಡಬೇಕು. ಇದೂ ಹಾಗೇನಾ?”

ಹೌದು, ಬಹುಪಾಲು ಹಾಗೇ. ಒಂದು ವ್ಯತ್ಯಾಸ ಇದೆ. ಬಟರ್ ಫ್ರೂಟ್ ಮರದಲ್ಲಿ ಇರುವಷ್ಟು ದಿನವೂ ಗಟ್ಟಿಯಾಗೇ ಇರುತ್ತದೆ. ಪಿಯರ್ ಮರದಲ್ಲೇ ಹಣ್ಣಾಗುತ್ತದೆ, ಆದರೆ ಒಳಗಿನಿಂದ ಹೊರಕ್ಕೆ. ಬೀಜದ ಸುತ್ತ ಮೊದಲು ಮೆತ್ತಗಾಗಿ, ಸಿಪ್ಪೆಯ ಹತ್ತಿರ ಮೆತ್ತಗಾಗುವ ಹೊತ್ತಿಗೆ ನಡುಭಾಗ ಕಂದಾಗಿ ಕೊಳೆಯಲು ಶುರುವಾಗಿರುತ್ತದೆ. ನಾವು ಹೊರಗಿನಿಂದ ಒತ್ತಿ ನೋಡಿ “ಇನ್ನೂ ಆಗಿಲ್ಲ” ಅನ್ನುತ್ತಾ ಕಾಯುತ್ತೇವೆ. ಒಳಗೆ ಎಲ್ಲ ಮುಗಿದಿರುತ್ತದೆ. ಮಾವು, ಹಲಸು ನೋಡಿ ಬೆಳೆದ ನಮಗೆ ಮರದಲ್ಲಿ ಹಣ್ಣಾದದ್ದೇ ರುಚಿ ಅಂತ ನಂಬಿಕೆ. ಪಿಯರ್ ವಿಷಯದಲ್ಲಿ ಆ ನಂಬಿಕೆಯೇ ಕೆಲಸ ಕೆಡಿಸಿತು. ಅಂಗಡಿಯಲ್ಲಿ ಸಿಗುವ ಉರುಟಾದ, ಕಚ್ಚಿದರೆ ಕರುಂ ಅನ್ನುವ ಏಷ್ಯಾದ ಪಿಯರ್ ಮಾತ್ರ ಬೇರೆ. ಅದನ್ನು ಮರದಲ್ಲೇ ಹಣ್ಣು ಮಾಡಿ ಕೊಯ್ಯಬಹುದು.

ಮಳೆ ಡೈರಿ

ಹಾಗಾದರೆ ಯಾವಾಗ ಕೊಯ್ಯುವುದು?

ಇಲ್ಲಿ ನಮಗೆ ಚಿಕ್ಕಪ್ಪನ ಡೈರಿ ಸಿಕ್ಕಿತು. ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೇ ಅಭ್ಯಾಸ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಅದನ್ನು ಅಳೆದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ಸ್‌ಗೆ ಒಂದು ಇಂಚು. ಫೆಬ್ರವರಿ, ಮಾರ್ಚ್‌ನ ಪುಟಗಳಿಗೆ ವಿಶೇಷ ಬೆಲೆ. ಯಾಕೆಂದರೆ ಕಾಫಿಗೆ ಹೂಮಳೆ ಬೀಳುವ ಕಾಲ ಅದು. ಚಿಕ್ಕಪ್ಪ ಆ ಪುಟಗಳಲ್ಲಿ ಹಿತ್ತಲಿನ ಸುದ್ದಿಯನ್ನೂ ಒಂದು ಸಾಲು ಸೇರಿಸುತ್ತಿದ್ದರು. ‘ಪಿಯರ್ ಪೂರ್ತಿ ಹೂ’ ಅಂತ ಹಲವು ವರ್ಷ ಬರೆದಿದ್ದರು.

2018ರ ಡೈರಿ ತೆಗೆದೆವು. ಹೂವಿನ ದಿನದಿಂದ ಕೊಂಬೆ ಮುರಿದ ದಿನದವರೆಗೆ ಬೆರಳು ಮಡಚಿ ಎಣಿಸಿದೆವು. 148 ದಿನ. ಕೀಫರ್ ಕಾಯಿ ಬಲಿಯಲು ಪೂರ್ತಿ ಹೂ ಬಿಟ್ಟ ಮೇಲೆ ಹತ್ತಿರ ಹತ್ತಿರ ಐದು ತಿಂಗಳು ಬೇಕು. ಎರಡೂ ಲೆಕ್ಕ ಕೂಡಿತು. ಆ ಸಂಜೆ ಅಡುಗೆಮನೆ ಒಲೆ ಮುಂದೆ ಮೂವರೂ ಡೈರಿ ಹಿಡಿದು ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಉತ್ತರ ಮನೆಯಲ್ಲೇ ಇತ್ತು. ಬರೆದವರಿಗೇ ಅದು ಯಾತಕ್ಕೆ ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

2023ರ ಕೊಯ್ಲು

ಆ ವರ್ಷ ಮರದ ದಕ್ಷಿಣದ ಕೊಂಬೆಗಳು ಫೆಬ್ರವರಿ 20ಕ್ಕೆ ಪೂರ್ತಿ ಹೂವಾದವು. ಉತ್ತರದ ಒಂದು ಕೊಂಬೆ ಮೂರು ವಾರ ತಡ. ದಿನದ ಲೆಕ್ಕ ದಾರಿ ತೋರಿಸುತ್ತದೆ ಅಷ್ಟೇ, ಕೊನೆಗೆ ಕಾಯಿಯನ್ನೇ ಕೇಳಬೇಕು. ನಾವು ನೋಡಿದ್ದು ಇಷ್ಟು.

ಕಡು ಹಸಿರು ಸಿಪ್ಪೆ ಸ್ವಲ್ಪ ತಿಳಿಯಾಗುತ್ತದೆ. ಹಳದಿ ಆಗುವುದಲ್ಲ, ಹಸಿರೇ ಒಂದು ಮಟ್ಟ ಇಳಿಯುತ್ತದೆ. ಬಿಳಿಚಿದ್ದ ಚುಕ್ಕಿಗಳು ಕಂದಾಗುತ್ತವೆ. ಹುಳ ಇಲ್ಲದ ಒಳ್ಳೆಯ ಕಾಯಿ ಒಂದೆರಡು ತಾನಾಗಿ ಬೀಳುತ್ತವೆ. ಕತ್ತರಿಸಿ ನೋಡಿದರೆ ಬೀಜ ಕಂದು ಬಣ್ಣಕ್ಕೆ ಬಂದಿರುತ್ತದೆ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಎತ್ತಿ ನೋಡುವುದು. ನೇತಾಡುವ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ ಅಡ್ಡ ಮಲಗಿಸಬೇಕು. ಬಲಿತಿದ್ದರೆ ತೊಟ್ಟು ಕಡ್ಡಿಗೆ ಸೇರುವ ಗಂಟಿನಲ್ಲಿ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಎಳೆಯಬಾರದು. ಇನ್ನೊಂದು ವಾರ ಇರಲಿ.

ಜುಲೈ 9ಕ್ಕೆ ಎತ್ತಿ ನೋಡಿದೆವು. ಒಂದೂ ಬಿಡಲಿಲ್ಲ. ಜುಲೈ 16, ಭಾನುವಾರ, ಹೂವಿನಿಂದ 146ನೇ ದಿನ. ಪುನರ್ವಸು ಮಳೆ. ಮಧ್ಯಾಹ್ನ ಸ್ವಲ್ಪ ಹೊಳವಾಯಿತು. ಚಿಕ್ಕಮ್ಮ ಮಳೆಗೆ ಹೊದ್ದಿದ್ದ ಕೊರಂಬು ಪಕ್ಕಕ್ಕಿಟ್ಟು ಕೈ ಚಾಚಿ ಮೊದಲ ಕಾಯಿ ಎತ್ತಿದರು. ಟಕ್. ಅವರು ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಆ ದಿನ 24 ಕಾಯಿ ಸಿಕ್ಕಿತು.

ಇಲ್ಲೊಂದು ಹಳೇ ತಪ್ಪನ್ನು ಹೇಳಬೇಕು. ಮೊದಲೆಲ್ಲ ದೋಟಿ ಹಾಕಿ ಜಗ್ಗಿ ಕೆಡವುತ್ತಿದ್ದರು. ಬಿದ್ದ ಕಾಯಿಗೆ ಪೆಟ್ಟು ಬಿದ್ದು ಒಳಗೆ ಕಪ್ಪಾಗುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಪಿಯರ್ ಕಾಯಿ ಬಿಡುವುದು ಬೆರಳುದ್ದದ ಗಿಡ್ಡ ಕಡ್ಡಿಗಳಲ್ಲಿ. ಅದೇ ಕಡ್ಡಿ ವರ್ಷಗಟ್ಟಲೆ ಮತ್ತೆ ಮತ್ತೆ ಹೂ ಬಿಡುತ್ತದೆ. ದೋಟಿಗೆ ಆ ಕಡ್ಡಿ ಕಾಯಿಯ ಜೊತೆಗೇ ಮುರಿದು ಬರುತ್ತಿತ್ತು. ಮುಂದಿನ ವರ್ಷಗಳ ಫಸಲನ್ನು ನಾವೇ ಕಿತ್ತು ಬಿಸಾಡಿದ ಹಾಗೆ. ಹತ್ತಡಿ ಮರಕ್ಕೆ ದೋಟಿ ಯಾಕೆ? ಒಂದು ಸ್ಟೂಲ್ ಸಾಕು. ಚಿಕ್ಕಪ್ಪ ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗಲೆಲ್ಲ ಇದರ ತಲೆಯನ್ನೂ ತೆಗೆಸುತ್ತಿದ್ದುದರಿಂದ ಮರ ಕೈಗೆ ಸಿಗುವ ಎತ್ತರದಲ್ಲೇ ಇತ್ತು.

24 ಕಾಯಿ, ನಾಲ್ಕು ಜಾಗ

ಯಾವ ಜಾಗದಲ್ಲಿಟ್ಟರೆ ಚೆನ್ನಾಗಿ ಹಣ್ಣಾಗುತ್ತದೆ ಅಂತ ನೋಡಲು ಕಾಯಿಗಳನ್ನು ಹಂಚಿದೆವು.

ಚಿಕ್ಕಪ್ಪನಿಗೆ ಒಲೆಯ ಮೇಲಿನ ಅಟ್ಟದ ಮೇಲೆ ನಂಬಿಕೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಬಾಳೆಗೊನೆ ಅಲ್ಲೇ ಹಣ್ಣಾಗುವುದು. ಹಾಗಾಗಿ 4 ಕಾಯಿ ಅಲ್ಲಿಗೆ. ಅಕ್ಕಿ ಡ್ರಮ್ ಒಳಗೆ, ಎರಡು ಹಣ್ಣಾದ ಬಾಳೆಹಣ್ಣಿನ ಜೊತೆ 6. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ 6. ಉಳಿದ 8 ಉಗ್ರಾಣದ ಕೋಣೆಯಲ್ಲಿ, ಪೇಪರ್ ಹಾಸಿದ ಹಲಗೆಯ ಮೇಲೆ, ಒಂದಕ್ಕೊಂದು ತಾಗದ ಹಾಗೆ.

ಅಟ್ಟದ್ದು ಪೂರ್ತಿ ಸೋತಿತು. ಒಂದು ವಾರಕ್ಕೆ ಸಿಪ್ಪೆ ಸುಕ್ಕಾಯಿತು. ಬಣ್ಣ ಹಳದಿಗೆ ತಿರುಗಿತು, ಆದರೆ ತಿರುಳು ಮೆತ್ತಗಾಗದೆ ರಬ್ಬರಿನ ಹಾಗೆ ಉಳಿಯಿತು. ಜಾಸ್ತಿ ಬಿಸಿಯಲ್ಲಿ ಪಿಯರ್ ಸರಿಯಾಗಿ ಹಣ್ಣಾಗುವುದಿಲ್ಲ. ಬಾಳೆಗೆ ಆಗುವುದು ಇದಕ್ಕೆ ಆಗಲ್ಲ.

ಅಕ್ಕಿ ಡ್ರಮ್ಮಿನವು ಬೇಗ ಆದವು, ಎಂಟು ದಿನ. ಬಾಳೆಹಣ್ಣಿನಿಂದ ಬರುವ ಎಥಿಲೀನ್ ಅನಿಲ ಪಕ್ಕದ ಕಾಯಿಯನ್ನೂ ಹಣ್ಣಾಗಿಸುತ್ತದೆ. ಆರರಲ್ಲಿ ನಾಲ್ಕು ತುಂಬಾ ಚೆನ್ನಾಗಿದ್ದವು. ಎರಡು ಒಂದೇ ಬದಿಗೆ ಮೆತ್ತಗಾಗಿದ್ದವು. ಬೇಗ ಬೇಕು ಅಂದರೆ ಈ ದಾರಿ ಪರವಾಗಿಲ್ಲ, ಆದರೆ ದಿನಾ ಮುಚ್ಚಳ ತೆಗೆದು ನೋಡಬೇಕು.

ಫ್ರಿಜ್‌ನಲ್ಲಿ ಇಟ್ಟವನ್ನು 14 ದಿನದ ಮೇಲೆ ಹೊರಗೆ ತೆಗೆದು ಉಗ್ರಾಣದಲ್ಲಿ ಇಟ್ಟೆವು. ಮುಂದಿನ ಆರು ದಿನದಲ್ಲಿ ಆರೂ ಒಟ್ಟಿಗೆ, ಒಂದೇ ಹದಕ್ಕೆ ಹಣ್ಣಾದವು. ಕೀಫರ್ ಹಣ್ಣಾಗಲು ಹೀಗೆ ಮೊದಲು ಚಳಿಯಲ್ಲಿ ಇಡಲೇಬೇಕು ಅಂತೇನಿಲ್ಲ. ನಮಗೆ ಅದರಿಂದ ಆದ ಲಾಭ ಬೇರೆ. ಎಲ್ಲ ಒಂದೇ ವಾರ ಹಣ್ಣಾಗಿ ಕೊಳೆಯುವ ಬದಲು ಸರದಿಯ ಮೇಲೆ ತಿನ್ನಬಹುದು.

ಈಗ ಉಗ್ರಾಣದ ಎಂಟು. ಕೀಫರ್ ಹಣ್ಣಾಗಲು ಹೇಳಿ ಮಾಡಿಸಿದ ಹವೆ 16ರಿಂದ 18 ಡಿಗ್ರಿ. ಬಯಲುಸೀಮೆಯವರು ಅದಕ್ಕೆ ಕೋಲ್ಡ್ ಸ್ಟೋರೇಜ್ ಹುಡುಕಬೇಕು. ಚಿಕ್ಕಮ್ಮನ ಉಗ್ರಾಣಕ್ಕೆ ಬಿಸಿಲು ಬೀಳುವುದಿಲ್ಲ, ಮಣ್ಣಿನ ದಪ್ಪ ಗೋಡೆ. ಜುಲೈನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 18, ಒಮ್ಮೊಮ್ಮೆ 19. ನಾವು ಮಳೆಗಾಲದುದ್ದಕ್ಕೂ ಬೈದುಕೊಳ್ಳುವ ಆ ಥಂಡಿ ಪಿಯರ್‌ಗೆ ಬೇಕಾದ ಹವೆಯೇ ಆಗಿತ್ತು! 13ನೇ ದಿನ ಮೊದಲನೆಯದು ಹಣ್ಣಾಯಿತು. 17ನೇ ದಿನದ ಹೊತ್ತಿಗೆ ಇನ್ನೂ ಐದು. ಒಂದು 19ನೇ ದಿನ. ಒಂದು ಮಾತ್ರ ತೊಟ್ಟಿನ ಹತ್ತಿರ ಬೂಷ್ಟು ಬಂದು ಕೆಟ್ಟಿತು.

ಹಣ್ಣಾಗಿದೆಯಾ ಅಂತ ನೋಡುವುದು ಹೊಟ್ಟೆಯ ಭಾಗ ಒತ್ತಿ ಅಲ್ಲ. ತೊಟ್ಟಿನ ಪಕ್ಕ, ಕುತ್ತಿಗೆಯ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಅಲ್ಲಿ ಸ್ವಲ್ಪ ಒಳಗೆ ಹೋದರೆ ಅದೇ ದಿನ ತಿನ್ನಬೇಕು. ನಾಳೆಗೆ ಇಡಬಾರದು.

ಹೋಲಿಸಲು ಅಂತ 6 ಕಾಯಿಯನ್ನು ಮರದಲ್ಲೇ ಬಿಟ್ಟಿದ್ದೆವು. ಎರಡನ್ನು ಕೆಂದಳಿಲು ತಿಂದಿತು. ನಾಲ್ಕನ್ನು ಆಗಸ್ಟ್ 15ಕ್ಕೆ ಕೊಯ್ದೆವು. ಚಿನ್ನದ ಬಣ್ಣ, ನೋಡಲು ಎಲ್ಲಕ್ಕಿಂತ ಚೆಂದ. ಕತ್ತರಿಸಿದರೆ ನಾಲ್ಕೂ ನಡುವಿನಲ್ಲಿ ಕಂದು. ಚಿಕ್ಕಪ್ಪ ಆ ಹೋಳುಗಳನ್ನು ತುಂಬಾ ಹೊತ್ತು ನೋಡಿದರು. “ಒಂಬತ್ತು ವರ್ಷ ಇದನ್ನೇ ತಿಂದೆವಲ್ಲ,” ಅಂದರು.

ಒದ್ದೆ ಬುಟ್ಟಿ

ಎರಡನೇ ಕೊಯ್ಲು ಜುಲೈ 23ಕ್ಕೆ. 22 ಕಾಯಿ. ಅವತ್ತು ಹೊಳವೇ ಇರಲಿಲ್ಲ. ಜಡಿಮಳೆಯಲ್ಲೇ ಕೊಯ್ದು, ಒದ್ದೆ ಕಾಯಿಗಳನ್ನು ಬುಟ್ಟಿಗೆ ಒಂದರ ಮೇಲೊಂದು ತುಂಬಿ, ನಾಳೆ ಒರೆಸಿದರಾಯಿತು ಅಂತ ಉಗ್ರಾಣದಲ್ಲಿ ಇಟ್ಟೆವು. ಆ ನಾಳೆ ಮೂರು ದಿನ ಮುಂದೆ ಹೋಯಿತು. ಅಷ್ಟರಲ್ಲಿ ತಳದ ಕಾಯಿಗಳ ಮೇಲೆ ಬೂದು ಬೂಷ್ಟು. ಒಂದರ ತೊಟ್ಟು ಇನ್ನೊಂದರ ಸಿಪ್ಪೆಗೆ ಚುಚ್ಚಿದ ಜಾಗದಿಂದಲೇ ಶುರುವಾಗಿತ್ತು. ಏಳು ಕಾಯಿ ಹೋದವು.

ಕೊಡಗಿನಲ್ಲಿ ಪಿಯರ್ ಬೆಳೆಯುವವರಿಗೆ ನಿಜವಾದ ಕಷ್ಟ ಇದೇ ಅಂತ ನನಗನ್ನಿಸುತ್ತದೆ. ಕಾಯಿ ಬಲಿಯುವುದು ಸರಿಯಾಗಿ ಮಳೆ ಜೋರಾಗುವ ವಾರಗಳಲ್ಲಿ. ಕೊಯ್ದ ದಿನವೇ ಒಣ ಬಟ್ಟೆಯಲ್ಲಿ ಒರೆಸಬೇಕು. ಒಂದು ರಾತ್ರಿ ಫ್ಯಾನ್ ಕೆಳಗೆ ಹರಡಬೇಕು. ಕರೆಂಟ್ ಇಲ್ಲದಿದ್ದರೆ ಒಲೆ ಇರುವ ಕೋಣೆಯ ನೆಲದಲ್ಲಿ, ಒಲೆಯಿಂದ ದೂರಕ್ಕೆ. ಪೆಟ್ಟು ಬಿದ್ದದ್ದು, ಹುಳ ಚುಚ್ಚಿದ್ದು ಮೊದಲೇ ಬೇರೆ ಮಾಡಬೇಕು. ತೊಟ್ಟು ಕೀಳಬಾರದು. ಕಿತ್ತರೆ ಅಲ್ಲೇ ಗಾಯ.

ತಿಂದದ್ದು

ಮೊದಲ ಹಣ್ಣನ್ನು ತಿಂದದ್ದು ಅಡುಗೆಮನೆಯ ಹಲಗೆಯ ಮೇಲೆ ಕೂತು. ಚಿಕ್ಕಮ್ಮ ನಾಲ್ಕು ಹೋಳು ಮಾಡಿದರು. ಬಿಳಿ ತಿರುಳು, ಹೋಳಿನ ಅಂಚಿನಲ್ಲಿ ರಸ ಹನಿ ಹನಿಯಾಗಿ ನಿಂತಿತ್ತು. ಮೊದಲು ಪರಿಮಳ. ಅತ್ತರಿಗೂ ಜೇನಿಗೂ ನಡುವಿನ ಒಂದು ವಾಸನೆ. ಆಮೇಲೆ ಸಿಹಿ, ಹಿಂದೆ ಸಣ್ಣ ಒಗರು. ಬೀಜದ ಹತ್ತಿರ ಆ ಮರಳು ಇತ್ತು, ಆದರೆ ಹಾಲುಬಾಯಿಯಲ್ಲಿ ಸಿಗುವ ತೆಂಗಿನಕಾಯಿ ತುರಿಯಷ್ಟೇ. ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಇನ್ನೊಂದು ಹೋಳಿಗೆ ಕೈ ಚಾಚಿದರು.

ಹೀಗೇ ತಿನ್ನುವುದು ಎಲ್ಲಕ್ಕಿಂತ ಮೇಲು. ಆದರೂ ಉಳಿದವುಗಳಿಗೆ ದಾರಿ ಬೇಕು. ಪೂರ್ತಿ ಮೆತ್ತಗಾಗದೆ ಸ್ವಲ್ಪ ಗಟ್ಟಿ ಉಳಿದವನ್ನು ಪಕ್ಕದ ಮನೆಯ ಅಜ್ಜಿ ‘ಸಾಸಿವೆ’ ಅನ್ನುವ ಪದಾರ್ಥ ಮಾಡಿ ತೋರಿಸಿದರು. ಅವರು ಸುಳ್ಯ ಕಡೆಯವರು, ಅನಾನಸಿನಿಂದ ಮಾಡುವ ಸಾಸಿವೆಯ ಕೈ. ಎರಡು ಪಿಯರ್ ಸಣ್ಣ ಹೋಳು ಮಾಡಿ ಉಪ್ಪು ಬೆರೆಸಿ ಇಡುವುದು. ಅರ್ಧ ಹೋಳು ತೆಂಗಿನಕಾಯಿ, ಎರಡು ಒಣಮೆಣಸು, ಅರ್ಧ ಚಮಚ ಹಸಿ ಸಾಸಿವೆ, ಅಡಿಕೆ ಗಾತ್ರದ ಬೆಲ್ಲ ರುಬ್ಬಿ ಸೇರಿಸುವುದು. ಹುಳಿಗೆ ಸ್ವಲ್ಪ ಮೊಸರು. ಒಲೆಯೇ ಬೇಡ. ಹೆಚ್ಚಿದ ಹೋಳು ಬೇಗ ಕಂದಾಗುತ್ತದೆ, ಹಾಗಾಗಿ ಉಪ್ಪುನೀರಿಗೆ ಹಾಕುತ್ತಾ ಹೆಚ್ಚಬೇಕು.

ಜಾಮ್ ಮಾಡುವವರು ನಿಂಬೆರಸ ಮರೆಯಬಾರದು. ಪಿಯರ್‌ನಲ್ಲಿ ಹುಳಿ ಕಡಿಮೆ, ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಕೂಡ ಕಡಿಮೆ. ಚಿಕ್ಕಮ್ಮ ಒಂದು ಕಿಲೋ ಹಣ್ಣಿಗೆ ಎರಡು ನಿಂಬೆ ಹಾಕಿದರು. ಬಿಸಿ ಅಕ್ಕಿರೊಟ್ಟಿಗೆ ಆ ಜಾಮ್ ಹಚ್ಚಿ ತಿಂದರೆ ಬೇರೇನೂ ಬೇಡ. ವೈನ್ ಕೂಡ ಒಂದು ಬಾಟಲಿ ಆಯಿತು, ಕೊಡಗಿನ ಮನೆ ಅಲ್ವಾ. ಅದು ಕೊನೆಗೂ ಸ್ವಲ್ಪ ಸಿಹಿಯಾಗೇ ಉಳಿಯಿತು. ಪಿಯರ್‌ನಲ್ಲಿ ಸಾರ್ಬಿಟಾಲ್ ಅಂತ ಒಂದು ಸಿಹಿ ಅಂಶ ಇದೆ. ಈಸ್ಟ್ ಅದನ್ನು ತಿನ್ನುವುದಿಲ್ಲ. ಅದೇ ಕಾರಣಕ್ಕೆ ಒಂದೇ ಸಲ ನಾಲ್ಕೈದು ಹಣ್ಣು ತಿಂದರೆ ಹೊಟ್ಟೆ ಸಡಿಲ ಆಗಬಹುದು. ಮಕ್ಕಳಿರುವ ಮನೆಯಲ್ಲಿ ಇದು ನೆನಪಿರಲಿ.

2024

ಮರ ಉಳಿಯಿತು. ಬಟರ್ ಫ್ರೂಟ್ ಗಿಡಕ್ಕೆ ಕೆಳಗಿನ ಬದಿಯಲ್ಲಿ ಗುಂಡಿ ತೆಗೆದರು.

ಎರಡನೇ ವರ್ಷ ನಾವು ಮಾಡಿದ ಬದಲಾವಣೆಗಳು ಸಣ್ಣವು. ಮೊದಲು ಹೂ ಬಿಟ್ಟ ಕೊಂಬೆಗೆ ಕೆಂಪು ದಾರ, ತಡವಾದದ್ದಕ್ಕೆ ಬಿಳಿ ದಾರ ಕಟ್ಟಿದೆವು. ದಾರಕ್ಕೆ ತಕ್ಕ ಹಾಗೆ ಡೈರಿಯಲ್ಲಿ ಎರಡು ತಾರೀಖು. ಏಪ್ರಿಲ್‌ನಲ್ಲಿ ಕಾಯಿ ಗೋಲಿ ಗಾತ್ರ ಇದ್ದಾಗ ಗೊಂಚಲಿಗೆ ಒಂದು, ಹೆಚ್ಚೆಂದರೆ ಎರಡು ಉಳಿಸಿ ಉಳಿದವನ್ನು ಚಿವುಟಿದೆವು. ಚಿಕ್ಕಮ್ಮನಿಗೆ ಆ ಕೆಲಸ ನೋಡಲಿಕ್ಕೇ ಆಗಲಿಲ್ಲ, ಒಳಗೆ ಹೋದರು. ಆದರೆ ಉಳಿದ ಕಾಯಿ ದೊಡ್ಡದಾದವು, ಕೊಂಬೆ ಮುರಿಯಲಿಲ್ಲ. ಹಣ್ಣು ನೊಣಕ್ಕೆ ಪೇಪರ್ ಚೀಲ ಕಟ್ಟಿದ್ದು ಮೊದಲ ಮಳೆಗೇ ಕರಗಿತು. ಹಳೇ ಸೊಳ್ಳೆಪರದೆ ಕತ್ತರಿಸಿ ಚಿಕ್ಕಮ್ಮ ಹೊಲಿದ ಚೀಲ ನಿಂತಿತು. ಕೆಂದಳಿಲಿಗೆ ಅದೂ ಲೆಕ್ಕಕ್ಕಿಲ್ಲ. ಮಂಗಗಳ ವಿಷಯ ಹೇಳುವುದೇ ಬೇಡ.

ಕೆಂಪು ದಾರದ ಹೂ ಫೆಬ್ರವರಿ 27ಕ್ಕೆ. ಆ ಜುಲೈನಲ್ಲಿ ಬಿದ್ದ ಮಳೆ ಎಲ್ಲರಿಗೂ ನೆನಪಿದೆ. ಜುಲೈ 21, ಭಾನುವಾರ, 145ನೇ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ ಹೊಳವು ಸಿಕ್ಕಿತು. ಇಬ್ಬರು ಕೊಯ್ದೆವು, ಚಿಕ್ಕಪ್ಪ ಮೆಟ್ಟಿಲಲ್ಲಿ ಕೂತು ಒರೆಸಿದರು. ಮೂರು ಸುತ್ತಿನ ಕೊಯ್ಲಿನಲ್ಲಿ ಒಟ್ಟು 92 ಕಾಯಿ. ಕೆಟ್ಟದ್ದು 9. ಬಿಳಿ ದಾರದ ಕೊಂಬೆಯದ್ದನ್ನು ಆಗಸ್ಟ್ 10ಕ್ಕೆ ಕೊಯ್ದು ಫ್ರಿಜ್‌ಗೆ ಹಾಕಿದ್ದರಿಂದ ಕೈಲ್ ಪೊಳ್ದ್ ದಿನದವರೆಗೂ ಮನೆಯಲ್ಲಿ ಪಿಯರ್ ಇತ್ತು. ಹಬ್ಬಕ್ಕೆ ಬಂದ ನೆಂಟರು ಎಲ್ಲಿಂದ ತರಿಸಿದಿರಿ ಅಂತ ಕೇಳಿದರು. ಚಿಕ್ಕಪ್ಪ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮರ ತೋರಿಸಿದರು.

ಕಡ್ಡಿ ಕೇಳಿದವರು

ಆಮೇಲೆ ಕಡ್ಡಿ ಕೇಳುವವರು ಶುರುವಾದರು. ಬೀಜ ಹಾಕಿದರೆ ಇದೇ ಹಣ್ಣು ಬರುವುದಿಲ್ಲ, ಕಸಿಯೇ ಆಗಬೇಕು. ನಮ್ಮ ಮರದ ಬುಡದಿಂದ ಮುಳ್ಳಿರುವ ಕಾಡು ಚಿಗುರು ಆಗಾಗ ಏಳುತ್ತದೆ. ಕಸಿಗೆ ಬಳಸಿದ ಬೇರಿನದು ಅದು. ಮೊದಲೆಲ್ಲ ಕತ್ತರಿಸಿ ಎಸೆಯುತ್ತಿದ್ದೆವು. ಆ ಮಳೆಗಾಲದಲ್ಲಿ ಬೇರು ಸಮೇತ ಐದನ್ನು ತೆಗೆದು ಕಾಫಿ ಸಸಿಯ ಚೀಲಕ್ಕೆ ನೆಟ್ಟೆವು. 2025ರ ಜನವರಿಯಲ್ಲಿ, ಮರ ಎಲೆ ಉದುರಿಸಿ ನಿಂತಾಗ, ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು ಕಸಿ ಕಟ್ಟಿದೆವು. ಐದರಲ್ಲಿ ಎರಡು ಚಿಗುರಿದವು.

ಒಂದು ಪಕ್ಕದ ಮನೆಯ ಅಜ್ಜಿಗೆ. ಇನ್ನೊಂದನ್ನು ಚಿಕ್ಕಮ್ಮ ತಾವೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಿರಾಜಪೇಟೆಗೆ ತೆಗೆದುಕೊಂಡು ಹೋದರು. ಮಾವನ ಮನೆಯ ಬಾವಿಯ ಹತ್ತಿರ ಅದನ್ನು ನೆಟ್ಟಿದ್ದಾರೆ. ವಿರಾಜಪೇಟೆ ಮಡಿಕೇರಿಗಿಂತ ತಗ್ಗು, ಚಳಿ ಇನ್ನೂ ಕಡಿಮೆ. ಅಲ್ಲಿ ಹೂ ಬಿಡುತ್ತದಾ ಅಂತ ನೋಡಲು ಇನ್ನೂ ನಾಲ್ಕೈದು ವರ್ಷ ಬೇಕು. ಮಾವ ಒಂದು ಹೊಸ ಡೈರಿ ತಂದಿಟ್ಟಿದ್ದಾರೆ.